ಸ್ಕ್ಯಾನ್ ರಿಪೋರ್ಟು ಮತ್ತು ಅಮ್ಮನ ಮಾತು

ದೆಹಲಿ, ಗುರುಗ್ರಾಮ, ನೋಯ್ಡಾಗಳಲ್ಲಿ ನೆಲೆಸಿ, ವಯಸ್ಸಾದ ತಂದೆತಾಯಿಯನ್ನು ಊರಿನಿಂದ ಕರೆಸಿಕೊಂಡಿರುವ ನಮ್ಮಂಥವರ ಎಷ್ಟೋ ಮನೆಗಳಲ್ಲಿ ಬೀರುವಿನ ಮೇಲೆ ಒಂದು ದೊಡ್ಡ ಕವರು ಮಲಗಿರುತ್ತದೆ. ಒಳಗೆ ಕಪ್ಪು ಫಿಲ್ಮು. ಅದರಲ್ಲಿ ಸಾಲುಸಾಲಾಗಿ, ಅಕ್ರೋಟಿನ ಹೋಳುಗಳ ಹಾಗೆ, ಅಮ್ಮನ ಮೆದುಳು. ಜೊತೆಗಿದ್ದ ರಿಪೋರ್ಟನ್ನು ಮಗ ಓದಿ, ಅರ್ಥವಾಗದ್ದನ್ನು ಗೂಗಲ್‌ನಲ್ಲಿ ಹುಡುಕಿ, ಬೆಂಗಳೂರಿನ ಅಕ್ಕನಿಗೆ ವಾಟ್ಸ್ಆಪ್‌ನಲ್ಲಿ ಕಳಿಸಿಯಾಗಿರುತ್ತದೆ. ಆ ದಿನದಿಂದ ಮನೆಯೊಳಗೆ ಒಂದು ಬದಲಾವಣೆ. ಅಮ್ಮನ ಮೇಲಿನ ಸಿಟ್ಟು ಇಳಿಯುತ್ತದೆ.

ನಿನ್ನೆಯವರೆಗೆ ಆಕೆ ನಾಲ್ಕನೇ ಸಲ "ಗ್ಯಾಸ್ ಆಫ್ ಮಾಡಿದ್ಯೇನೋ?" ಅಂದರೆ "ಎಷ್ಟು ಸಲ ಹೇಳ್ಬೇಕಮ್ಮಾ ನಿಂಗೆ!" ಎಂದು ರೇಗುತ್ತಿದ್ದ ಮಗ ಇವತ್ತು "ಹೂಂ, ಮಾಡಿದೀನಿ" ಎಂದು ಮೆಲ್ಲಗೆ ಹೇಳುತ್ತಾನೆ. ಆಕೆ ಬೇಕೆಂದು ಮಾಡುತ್ತಿಲ್ಲ, ಆಕೆಯ ಮೆದುಳೇ ಹಾಗಾಗಿದೆ ಎಂಬುದಕ್ಕೆ ಈಗ ಪುರಾವೆ ಇದೆ. ಇದು ಒಳ್ಳೆಯ ಬದಲಾವಣೆಯೇ. ಆದರೆ ನನ್ನನ್ನು ಎರಡು ಪ್ರಶ್ನೆಗಳು ಕಾಡುತ್ತವೆ. ಹೆತ್ತ ತಾಯಿಯನ್ನು ಕ್ಷಮಿಸಲು ನಮಗೆ ಫೋಟೋ ಏಕೆ ಬೇಕಾಯಿತು? ಮತ್ತು ಕ್ಷಮೆ ಕೊಟ್ಟ ಕೈಯಲ್ಲೇ ನಾವು ಆಕೆಯಿಂದ ಇನ್ನೇನನ್ನಾದರೂ ಕಿತ್ತುಕೊಂಡೆವೆ?

ಇದು ನಾಲ್ಕಾರು ಮನೆಗಳ ಮಾತಲ್ಲ. ದೆಹಲಿಯ ಏಮ್ಸ್ ಮುಂದೆ ನಿಂತು ನಡೆಸಿದ ರಾಷ್ಟ್ರಮಟ್ಟದ ಸಮೀಕ್ಷೆಯ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಸುಮಾರು 88 ಲಕ್ಷ ಜನ. ಇವರಲ್ಲಿ ಬಹುಪಾಲು ಜನ ಯಾವ ಸ್ಕ್ಯಾನಿನ ಬಾಯಿಗೂ ಹೋಗುವುದಿಲ್ಲ. ಅವರಿಗೆ ನಮ್ಮ ಹಿರಿಯರ ಹಳೆಯ ರಿಪೋರ್ಟೇ ಗತಿ: ಅರವತ್ತಕ್ಕೆ ಅರಳು ಮರಳು.

ಈ ಅರಳು ಮರಳು ಎಂಬ ಮಾತು ಊರಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ಗಮನಿಸಿ. ಅಜ್ಜ ಬಂದ ನೆಂಟರೆದುರು ಏನೋ ಅಂದುಬಿಟ್ಟರೆ "ಅವರಿಗೆ ಅರಳು ಮರಳು, ಮನಸ್ಸಿಗೆ ಹಚ್ಚಿಕೋಬೇಡಿ" ಎನ್ನುತ್ತಿದ್ದರು. ಅದು ಕ್ಷಮೆ. ಅದೇ ಅಜ್ಜ ಆಸ್ತಿ ಪಾಲಾಗುವಾಗ "ಆ ತೆಂಗಿನ ತೋಟ ಚಿಕ್ಕವನಿಗಿರಲಿ" ಎಂದರೆ, ದೊಡ್ಡವನು ಹೇಳುತ್ತಿದ್ದುದೂ ಅದೇ ಮಾತು: "ಅವರಿಗೆ ಅರಳು ಮರಳು, ಅವರ ಮಾತೇನು ಹಿಡೀತೀರಿ?" ಇದು ಬಾಯಿ ಮುಚ್ಚಿಸುವುದು. ಒಂದೇ ಪದ, ಎರಡು ಕೆಲಸ. ಎಂಆರ್‌ಐ ಬಂದು ಈ ಪದಕ್ಕೆ ಪಾಂಡಿತ್ಯ ಕೊಟ್ಟಿತೇ ಹೊರತು ಎರಡು ಕೆಲಸಗಳನ್ನು ಬೇರ್ಪಡಿಸಿಕೊಡಲಿಲ್ಲ.

ಬ್ರಿಟನ್ನಿನ ತತ್ವಜ್ಞಾನಿ ಪಿ. ಎಫ್. ಸ್ಟ್ರಾಸನ್ 1962ರಲ್ಲಿ ಸಿಟ್ಟಿನ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದ. ಅವನ ವಿಚಾರವನ್ನು ನಮ್ಮ ಭಾಷೆಗೆ ಇಳಿಸಿಕೊಂಡು ಹೇಳುವುದಾದರೆ ಹೀಗೆ. ರಾಜೀವ್ ಚೌಕ್‌ನಲ್ಲಿ ಮೆಟ್ರೋ ಹತ್ತುವಾಗ ಯಾರೋ ನಮ್ಮ ಕಾಲು ತುಳಿಯುತ್ತಾರೆ. ಬೇಕೆಂದು ತುಳಿದರೆ ಸಿಟ್ಟು ಬರುತ್ತದೆ. ರೈಲು ಜಗ್ಗಿದ್ದರಿಂದ ತುಳಿದರೆ ಇಲ್ಲ. ಆದರೆ ಎರಡೂ ಸಂದರ್ಭದಲ್ಲಿ ಅವರನ್ನು ನಾವು ಮನುಷ್ಯರೆಂದೇ, ನಮಗೆ ಉತ್ತರ ಕೊಡಬೇಕಾದವರೆಂದೇ ಕಾಣುತ್ತೇವೆ. ಮೂರನೆಯದೊಂದು ನೋಟವಿದೆ. ಎದುರಿಗಿರುವವರ ಮನಸ್ಸೇ ಸರಿಯಿಲ್ಲ ಎಂದು ತಿಳಿದಾಗ ಸಿಟ್ಟೂ ಇಲ್ಲ, ಜಗಳವೂ ಇಲ್ಲ, ವಾದವೂ ಇಲ್ಲ. ಅವರನ್ನು ನೋಡಿಕೊಳ್ಳುತ್ತೇವೆ, ಚಿಕಿತ್ಸೆ ಕೊಡಿಸುತ್ತೇವೆ, ಸಂಭಾಳಿಸುತ್ತೇವೆ. ದೂರ ನಿಂತು ನೋಡುವ ನೋಟ ಅದು. ಸ್ಟ್ರಾಸನ್ ಹೇಳುವಂತೆ, ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದನ್ನು ಪೂರ್ತಿ ಬಿಡುತ್ತೇವೋ ಅವರೊಡನೆ ಜಗಳವಾಡುವುದನ್ನೂ ತರ್ಕಿಸುವುದನ್ನೂ ಬಿಟ್ಟಿರುತ್ತೇವೆ. ಕ್ಷಮೆಯೂ ನಂಬಿಕೆಯೂ ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತವೆ.

ಈಗ ಅಮ್ಮನ ಒಂದು ವಾಕ್ಯ ತೆಗೆದುಕೊಳ್ಳೋಣ. "ನಾನು ಊರಿಗೆ ಹೋಗ್ಬೇಕು."

ಡಿಮೆನ್ಷಿಯಾ ಇರುವವರನ್ನು ನೋಡಿಕೊಂಡವರಿಗೆಲ್ಲ ಈ ವಾಕ್ಯ ಗೊತ್ತು. ನಲವತ್ತು ವರ್ಷ ಬಾಳಿದ ಸ್ವಂತ ಮನೆಯ ಪಡಸಾಲೆಯಲ್ಲಿ ಕೂತೇ, ಸಂಜೆಯಾಗುತ್ತಿದ್ದಂತೆ ಚಡಪಡಿಸಿ, "ನನ್ನನ್ನು ಮನೆಗೆ ಕರ್ಕೊಂಡು ಹೋಗಿ" ಎನ್ನುವವರಿದ್ದಾರೆ. ಆದ್ದರಿಂದ ವೈದ್ಯರು ಇದನ್ನು ರೋಗದ ಲಕ್ಷಣಗಳ ಪಟ್ಟಿಗೆ ಸೇರಿಸಿದರೆ ತಪ್ಪೇನಿಲ್ಲ. ಆದರೆ ನಮ್ಮ ಅಮ್ಮನ ಸಂಗತಿ ಬೇರೆ. ಹಾಸನದ ಕಡೆಯ ಹಳ್ಳಿಯಿಂದ ಬಂದು ನೋಯ್ಡಾದ ಹದಿನಾಲ್ಕನೇ ಮಹಡಿಯಲ್ಲಿ ಕೂತ ಎಪ್ಪತ್ತಾರರ ಹೆಂಗಸೊಬ್ಬಳನ್ನು ಊಹಿಸಿಕೊಳ್ಳಿ. ಆಕೆ ನಿಜವಾಗಿಯೂ ತನ್ನ ಮನೆಯಲ್ಲಿಲ್ಲ. ಲಿಫ್ಟಿನ ಗುಂಡಿ ಒತ್ತಲು ಭಯ. ಕೆಲಸದವಳ ಹಿಂದಿ ಅರ್ಥವಾಗುವುದಿಲ್ಲ. ನವೆಂಬರ್‌ನಲ್ಲಿ ಬಾಲ್ಕನಿಯ ಬಾಗಿಲು ತೆರೆಯುವ ಹಾಗಿಲ್ಲ. ಆರೋಗ್ಯವಂತೆಯಾದ ಯಾರಾದರೂ ಆ ಜಾಗದಲ್ಲಿ ಕೂತು ಹೇಳಬಹುದಾದ ಅತ್ಯಂತ ಬುದ್ಧಿವಂತಿಕೆಯ ಮಾತೆಂದರೆ ಅದೇ: ನಾನು ಊರಿಗೆ ಹೋಗಬೇಕು. ರೋಗದ ಮಾತೂ ವಿವೇಕದ ಮಾತೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರುವ ಈ ಪೇಚು ವಲಸೆ ಬಂದವರ ತಾಯಂದಿರಿಗೆ ವಿಶೇಷವಾಗಿ ಒದಗಿದ್ದು. ಇವೆರಡರಲ್ಲಿ ಇದು ಯಾವುದು ಎಂದು ಬೀರುವಿನ ಮೇಲಿನ ಕವರು ಹೇಳಬಲ್ಲುದೆ?

ಹೇಳಲಾರದು. ಸ್ಕ್ಯಾನನ್ನು ಹಗುರ ಮಾಡಲು ಈ ಮಾತಾಡುತ್ತಿಲ್ಲ. ಮರೆವು ಕಂಡಾಗ ಸ್ಕ್ಯಾನ್ ಮಾಡಿಸಲೇಬೇಕು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೆ, ನೀರು ತುಂಬಿದ್ದರೆ ಅದು ತಿಳಿಯುವುದು ಅಲ್ಲೇ, ಅವಕ್ಕೆ ಚಿಕಿತ್ಸೆಯೂ ಇದೆ. (ಥೈರಾಯ್ಡ್, ಬಿ12 ರಕ್ತಪರೀಕ್ಷೆಗಳನ್ನೂ ಮರೆಯಬೇಡಿ.) ಸಾಧಾರಣ ಎಂಆರ್‌ಐ ತೋರಿಸುವುದು ಆಕಾರವನ್ನು: ನೆನಪು ಕೂಡಿಡುವ ಹಿಪೊಕ್ಯಾಂಪಸ್ ಎಂಬ, ಕಡಲಕುದುರೆಯಂಥ ಭಾಗ ಕುಗ್ಗಿದೆಯೇ ಎಂದು. ಎಫ್‌ಎಂಆರ್‌ಐ ತೋರಿಸುವುದು ಯಾವ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯಿತೆಂದು, ಅದೂ ಕೆಲವು ಸೆಕೆಂಡು ತಡವಾಗಿ. ಪೆಟ್ ಸ್ಕ್ಯಾನ್ ಅಮಿಲಾಯ್ಡ್ ಎಂಬ ಪ್ರೋಟೀನಿನ ಕಸವನ್ನು ತೋರಿಸಬಲ್ಲುದು. ಗುರುಗ್ರಾಮದಿಂದ ಜೈಪುರದ ದಾರಿ ಹಿಡಿದರೆ ಸಿಗುವ ಮಾನೇಸರ್‌ನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದಲ್ಲಿ ಪ್ರವತ್ ಮಂಡಲ್ ಮತ್ತವರ ತಂಡ ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ, ಜೀವಕೋಶಗಳನ್ನು ಕಾಯುವ ಗ್ಲುಟಾಥಿಯೋನ್ ಎಂಬ ರಾಸಾಯನಿಕವನ್ನು ಅಯಸ್ಕಾಂತದಿಂದಲೇ ಅಳೆದು, ಆಲ್ಝೈಮರ್ ರೋಗಿಗಳ ಹಿಪೊಕ್ಯಾಂಪಸ್‌ನಲ್ಲಿ ಅದು ಕಡಿಮೆಯಾಗಿರುವುದನ್ನು 2015ರಲ್ಲಿ ವರದಿ ಮಾಡಿತು. ಆ ಕೇಂದ್ರದ ಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆದುಳು ಸಂಶೋಧನೆಯ ಕೇಂದ್ರ ಕಟ್ಟಿದರು. ಅಲ್ಲಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು, 45 ದಾಟಿದವರನ್ನು, ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಯುತ್ತಿದೆ. ಇವೆಲ್ಲ ಹೆಮ್ಮೆಪಡುವ ಕೆಲಸ.

ಆದರೆ ಚಿತ್ರಕ್ಕೂ ಮನುಷ್ಯನಿಗೂ ನಡುವಿನ ಗಂಟು ಸಡಿಲ. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ 678 ಕ್ರೈಸ್ತ ಸನ್ಯಾಸಿನಿಯರನ್ನು ವರ್ಷಗಟ್ಟಲೆ ಗಮನಿಸಿ, ಸತ್ತ ಮೇಲೆ ಅವರ ಮೆದುಳನ್ನೂ ಪರೀಕ್ಷಿಸಿದ. ಅವರಲ್ಲಿ ಸಿಸ್ಟರ್ ಮೇರಿ ಎಂಬವರು 101ರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದರು. ಅವರ ಮೆದುಳಿನಲ್ಲಿ ಮಾತ್ರ ಆಲ್ಝೈಮರ್‌ನ ಗುರುತುಗಳು ಯಥೇಚ್ಛವಾಗಿದ್ದವು. ಅವರಿಗೆ ಬದುಕಿದ್ದಾಗಲೇ ಅಮಿಲಾಯ್ಡ್ ಸ್ಕ್ಯಾನ್ ಮಾಡಿಸಿ ರಿಪೋರ್ಟನ್ನು ಮಠದ ಗೋಡೆಗೆ ಅಂಟಿಸಿದ್ದರೆ, ಅವರ ಮಾತನ್ನು ಯಾರು ಲೆಕ್ಕಕ್ಕಿಡುತ್ತಿದ್ದರು? ತಿರುಗುಮುರುಗಾಗಿಯೂ ಆಗುತ್ತದೆ. ರಿಪೋರ್ಟಿನಲ್ಲಿ "ವಯಸ್ಸಿಗೆ ತಕ್ಕ ಬದಲಾವಣೆ" ಎಂದಷ್ಟೇ ಬಂದರೆ ಮನೆಯವರು "ನೋಡಿದ್ರಾ, ಏನೂ ಇಲ್ವಂತೆ, ಎಲ್ಲಾ ನಾಟಕ" ಎಂದುಬಿಡುತ್ತಾರೆ. ಮೊದಲ ಹಂತದ ಡಿಮೆನ್ಷಿಯಾದಲ್ಲಿ ಚಿತ್ರ ಹಾಗೆ ಬರುವುದು ಅಪರೂಪವೇನಲ್ಲ. ಫೋಟೋ ಇಲ್ಲದವರಿಗೆ ಕ್ಷಮೆಯೂ ಇಲ್ಲ.

ಸ್ಕ್ಯಾನುಗಳಿಂದ ನಮಗೆ ಸಿಕ್ಕ ಬೇರೊಂದು ತಿಳಿವಳಿಕೆ ನನಗೆ ಹೆಚ್ಚು ಬೆಲೆಯದೆನಿಸುತ್ತದೆ. ಅದು ಗಮನದ ಬಗ್ಗೆ. 2005ರಲ್ಲಿ ಆಡಮ್ ಗಝಾಲಿ ಮತ್ತವನ ಸಂಗಡಿಗರು ಎಳೆಯರನ್ನೂ ಆರೋಗ್ಯವಂತ ಮುದುಕರನ್ನೂ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಮುಖಗಳ, ಪ್ರಕೃತಿ ದೃಶ್ಯಗಳ ಚಿತ್ರ ತೋರಿಸಿದರು. ಒಮ್ಮೆ ಮುಖ ನೆನಪಿಡಿ, ದೃಶ್ಯ ಬಿಡಿ. ಇನ್ನೊಮ್ಮೆ ದೃಶ್ಯ ನೆನಪಿಡಿ, ಮುಖ ಬಿಡಿ. ನೆನಪಿಡಬೇಕಾದದ್ದರ ಕಡೆ ಮೆದುಳನ್ನು ಹರಿಸುವುದರಲ್ಲಿ ಮುದುಕರು ಎಳೆಯರಿಗಿಂತ ಹಿಂದೆ ಬೀಳಲಿಲ್ಲ. ಅವರು ಸೋತದ್ದು ಬಿಡಬೇಕಾದದ್ದನ್ನು ಬಿಡುವುದರಲ್ಲಿ. ಎಳೆಯರ ಮೆದುಳು ಬೇಡದ ಚಿತ್ರದ ಸದ್ದಡಗಿಸುತ್ತಿತ್ತು. ಮುದುಕರ ಮೆದುಳಿನಲ್ಲಿ ಅದು ಹಾಗೇ ಒಳಗೆ ನುಗ್ಗುತ್ತಿತ್ತು.

ಇದನ್ನು ನೋಯ್ಡಾದ ಆ ಫ್ಲಾಟಿಗೆ ತನ್ನಿ. ಟಿವಿಯಲ್ಲಿ ಹಿಂದಿ ಚರ್ಚೆ, ಐದು ಜನ ಒಟ್ಟಿಗೆ ಕಿರುಚುತ್ತಿದ್ದಾರೆ. ಕುಕ್ಕರ್ ಸೀಟಿ. ಮೇಲಿನ ಮನೆಯಲ್ಲಿ ಡ್ರಿಲ್ಲಿಂಗ್. ಡೆಲಿವರಿಯವನ ಕಾಲಿಂಗ್ ಬೆಲ್. ಮಗ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಪಕ್ಕದ ಕೋಣೆಯಿಂದ "ಅಮ್ಮಾ, ಬಿಪಿ ಮಾತ್ರೆ ತಗೊಂಡ್ಯಾ?" ಎನ್ನುತ್ತಾನೆ. ಅಮ್ಮ "ಹಾಂ?" ಎನ್ನುತ್ತಾಳೆ. ಮತ್ತೆ ಕೇಳಿದರೆ ಇನ್ನೇನೋ ಹೇಳುತ್ತಾಳೆ. ನಾವು ಆ "ಹಾಂ"ಅನ್ನು ಮರೆವಿನ ಖಾತೆಗೆ ಬರೆದುಕೊಳ್ಳುತ್ತೇವೆ. ಅದರಲ್ಲಿ ಮರೆವು ಎಷ್ಟು, ಗದ್ದಲ ಎಷ್ಟು, ಕಿವಿ ಎಷ್ಟು? ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ದಾರಿಮಾಡುವ, ಆದರೆ ನಾವು ಬದಲಿಸಬಹುದಾದ 14 ಅಂಶಗಳನ್ನು ಹೆಸರಿಸಿತು. ಅವುಗಳಲ್ಲಿ ಕಿವಿ ಮಂದವಾಗುವುದು, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ಒಂಟಿತನ, ವಾಯುಮಾಲಿನ್ಯ ಎಲ್ಲವೂ ಇವೆ. ಇವೆಲ್ಲವನ್ನೂ ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿತು. ಅಮ್ಮನನ್ನು ಒಳ್ಳೆಯ ಆಸ್ಪತ್ರೆಗಾಗಿ ದೆಹಲಿಗೆ ಕರೆತಂದ ನಾವು ಆಕೆಯನ್ನು ಯಾವ ಗಾಳಿಗೆ, ಯಾವ ಒಂಟಿತನಕ್ಕೆ ಕರೆತಂದೆವು ಎಂಬ ಲೆಕ್ಕವನ್ನು ರಿಪೋರ್ಟಿನ ಯಾವ ಸಾಲೂ ಕೇಳುವುದಿಲ್ಲ.

ಭಾಷೆಯ ಲೆಕ್ಕವೂ ಹಾಗೇ. ಸುವರ್ಣಾ ಅಲ್ಲಾಡಿ ಮತ್ತವರ ತಂಡ ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು 2013ರಲ್ಲಿ ಪ್ರಕಟಿಸಿತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಈ ಸುದ್ದಿಯನ್ನು ನಾವೆಲ್ಲ ಖುಷಿಯಿಂದ ಹಂಚಿಕೊಂಡೆವು. ಕನ್ನಡ, ಹಿಂದಿ, ಇಂಗ್ಲಿಷು, ಮನೆಯಲ್ಲಿ ತುಳುವೋ ಕೊಂಕಣಿಯೋ ತೆಲುಗೋ ಇರುವ ನಮಗೆ ಅದು ಹಬ್ಬವೇ. ಅಮ್ಮನ ಸ್ಥಿತಿ ನೋಡಿ. ಊರಿನಲ್ಲಿ ಹಾಲಿನವನಿಂದ ಹಿಡಿದು ಪುರೋಹಿತರವರೆಗೆ ಬೇರೆಬೇರೆ ವರಸೆಯಲ್ಲಿ ಮಾತಾಡುತ್ತಿದ್ದವಳು, ಇಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಭಾಷೆಯೇ ಇಲ್ಲದೆ ಕೂತಿರುತ್ತಾಳೆ. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಡಾಕ್ಟರು ಹಿಂದಿಯಲ್ಲಿ ಕೇಳುತ್ತಾರೆ, ಮಗ ಕನ್ನಡಕ್ಕೆ ತಿರುಗಿಸುತ್ತಾನೆ, ಅಮ್ಮ ಉತ್ತರಿಸುವ ಮೊದಲೇ ತಾನೇ ಉತ್ತರಿಸುತ್ತಾನೆ. ಆ ಅಂಕಗಳು ಯಾರವು?

ಪ್ರಶ್ನೆ ಸರಿಯಾಗದೆ ಉತ್ತರ ಸರಿಯಾಗದು ಎಂಬುದನ್ನು ಇದೇ ಎನ್‌ಸಿಆರ್‌ನ ಬಲ್ಲಭಗಢದಲ್ಲಿ, ದೆಹಲಿ ಮೆಟ್ರೋದ ನೇರಳೆ ಮಾರ್ಗ ಕೊನೆಯಾಗುವ ಊರಿನಲ್ಲಿ, 1990ರ ದಶಕದಲ್ಲೇ ಕಂಡುಕೊಂಡಿದ್ದರು. ಮೇರಿ ಗಾಂಗುಲಿ, ವಿಜಯ್ ಚಂದ್ರ ಮೊದಲಾದವರ ಭಾರತ-ಅಮೆರಿಕ ಅಧ್ಯಯನ ಅಲ್ಲಿನ ಹಳ್ಳಿಗಳಲ್ಲಿ 55 ದಾಟಿದ 5,126 ಜನರನ್ನು ನೋಡಿತು. ನಾಲ್ವರಲ್ಲಿ ಸುಮಾರು ಮೂವರು ನಿರಕ್ಷರಿಗಳು. ಅಮೆರಿಕದ ಪರೀಕ್ಷೆಯಲ್ಲಿ "ಕಣ್ಣು ಮುಚ್ಚಿ" ಎಂದು ಬರೆದ ಚೀಟಿ ಓದಿ ಹಾಗೆ ಮಾಡಬೇಕು, ಒಂದು ವಾಕ್ಯ ಬರೆಯಬೇಕು. ಹೊಲದಲ್ಲಿ ಬದುಕು ಕಳೆದ ಮುದುಕಿಗೆ ಇದನ್ನು ಕೊಟ್ಟರೆ ಆಕೆಗೆ ಡಿಮೆನ್ಷಿಯಾ ಎಂದು ತೀರ್ಮಾನವಾಗುವುದು ಖಚಿತ. ಅವರು ಪರೀಕ್ಷೆಯನ್ನೇ ಬದಲಿಸಿದರು. ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ ಎಂದು ಪರೀಕ್ಷಕ ತಾನೇ ಕಣ್ಣು ಮುಚ್ಚಿ ತೋರಿಸುತ್ತಿದ್ದ. ವಾಕ್ಯ ಬರೆಯುವ ಬದಲು, ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದು ಕೇಳುತ್ತಿದ್ದರು. ಹೀಗೆ ಕೇಳಿದ ಮೇಲೆ 65 ದಾಟಿದವರಲ್ಲಿ ಆಲ್ಝೈಮರ್ ಸಿಕ್ಕಿದ್ದು ಶೇ. 1ರಷ್ಟು ಮಾತ್ರ. (ಇದನ್ನೇ ಹಿಡಿದು ಭಾರತೀಯರನ್ನು ಅರಿಶಿನ ಕಾಪಾಡುತ್ತಿದೆ ಎಂಬ ಕತೆ ಜಗತ್ತೆಲ್ಲ ಸುತ್ತಿತು. ಮುದುಕರು ಬೇಗ ಸಾಯುತ್ತಿದ್ದರು ಎಂಬ ಸಾಧ್ಯತೆ ಅಷ್ಟು ರುಚಿಯಾಗಿರಲಿಲ್ಲ.)

ಸ್ಕ್ಯಾನು ಕೂಡ ಸರಿಯಾಗಿ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸುವುದಿಲ್ಲ, ಬಾಯಿ ಬಿಡಿಸುತ್ತದೆ. 2006ರಲ್ಲಿ ಕೇಂಬ್ರಿಡ್ಜ್‌ನ ಏಡ್ರಿಯನ್ ಓವನ್, ಅಪಘಾತದ ನಂತರ ಪ್ರಜ್ಞೆಯೇ ಇಲ್ಲವೆಂದು ಕೈಬಿಟ್ಟಿದ್ದ 23ರ ಹೆಣ್ಣುಮಗಳೊಬ್ಬಳನ್ನು ಯಂತ್ರದೊಳಗಿಟ್ಟು, "ಟೆನಿಸ್ ಆಡುತ್ತಿದ್ದೀ ಎಂದುಕೋ", "ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿದ್ದೀ ಎಂದುಕೋ" ಎಂದು ಹೇಳಿಸಿದ. ಆರೋಗ್ಯವಂತರ ಮೆದುಳು ಬೆಳಗುವ ಜಾಗಗಳಲ್ಲೇ ಅವಳದೂ ಬೆಳಗಿತು. ಅಲ್ಲಿ ಯಂತ್ರಕ್ಕಿಂತ ಮೊದಲು ಒಬ್ಬರು ಅವಳೊಡನೆ ಮಾತಾಡಿದ್ದರು, ಕೇಳಿಸೀತು ಎಂದು ನಂಬಿ.

ನಮ್ಮಲ್ಲಿ ಕೇಳುವುದೇ ಇಲ್ಲ. ದೆಹಲಿಯ ತಿಲಕ್ ಮಾರ್ಗದ ಸುಪ್ರೀಂ ಕೋರ್ಟು 2010ರ ಮೇ 5ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಕೊಲೆ ಆರೋಪಿಯಾದರೂ ಸರಿ, ಒಪ್ಪಿಗೆಯಿಲ್ಲದೆ ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ಹೇಳಿತು. ಆರೋಪಿಯ ಮೆದುಳಿಗಿರುವ ಆ ಮರ್ಯಾದೆ ಅಮ್ಮನ ಮೆದುಳಿಗಿಲ್ಲ. "ಸುಮ್ನೆ ಮಲಕ್ಕೋಮ್ಮ, ಹದಿನೈದು ನಿಮಿಷ ಅಷ್ಟೇ" ಎನ್ನುತ್ತೇವೆ. ಯಾವುದಕ್ಕೆ, ಏನು ತಿಳಿಯಬಹುದು, ತಿಳಿದರೆ ಯಾರಿಗೆ ಹೇಳಬೇಕು ಎಂದು ಕೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ನಾಲ್ಕನೇ ಕಲಮು ಚಿಕಿತ್ಸೆಯ ವಿಷಯದಲ್ಲಾದರೂ ಇದಕ್ಕೊಂದು ದಾರಿ ತೋರಿಸಿದೆ. ವಿಷಯವನ್ನು ವ್ಯಕ್ತಿಗೆ ತಿಳಿಯುವ ಸರಳ ಭಾಷೆಯಲ್ಲಿ ಹೇಳಬೇಕು. ಅವರ ತೀರ್ಮಾನ ಇತರರಿಗೆ ತಪ್ಪೆನಿಸಿತು ಎಂಬ ಒಂದೇ ಕಾರಣಕ್ಕೆ ಅವರಿಗೆ ತೀರ್ಮಾನಿಸುವ ಶಕ್ತಿಯಿಲ್ಲ ಎನ್ನುವಂತಿಲ್ಲ. ಎಲ್ಲಿ ಬದುಕಬೇಕು ಎಂಬ ಪ್ರಶ್ನೆಗೆ ಈ ಕಾಯ್ದೆ ಬರುವುದಿಲ್ಲ. ಅದು ನಮ್ಮ ನಮ್ಮ ಮನೆಯ ಕೋರ್ಟಿಗೆ ಬಿಟ್ಟದ್ದು.

ಹಾಗಾದರೆ "ಊರಿಗೆ ಹೋಗ್ಬೇಕು" ಎಂದಾಗ ಮಾಡಬೇಕಾದ್ದೇನು? ನನ್ನ ಅಭಿಪ್ರಾಯದಲ್ಲಿ ಅದನ್ನು ಮೊದಲು ಮಾತಾಗಿ ತೆಗೆದುಕೊಳ್ಳಬೇಕು, ಆಮೇಲೆ ಲಕ್ಷಣವಾಗಿ. ಟಿವಿ ಆರಿಸಿ, ಎದುರಿಗೆ ಕೂತು, ಕನ್ನಡದಲ್ಲಿ, "ಯಾವ ಊರಿಗಮ್ಮಾ?" ಎಂದು ಕೇಳಬೇಕು. ಆಕೆ ತವರಿನ ಹೆಸರು ಹೇಳಿ, ಮೂವತ್ತು ವರ್ಷದ ಹಿಂದೆ ತೀರಿಕೊಂಡ ತನ್ನ ತಾಯಿ ಕಾಯುತ್ತಿದ್ದಾಳೆ ಎಂದರೆ, ಅದು ರೈಲಿನ ಟಿಕೆಟ್ಟಿನಿಂದ ತೀರುವ ಬೇಡಿಕೆಯಲ್ಲ. ಹಾಗಲ್ಲದೆ, "ನಮ್ಮನೇಗೆ ಕಣೋ, ಪಕ್ಕದ್ಮನೆಯವರ ಹತ್ರ ಬೀಗದಕೈ ಕೊಟ್ಟು ಎಷ್ಟು ದಿನ ಆಯ್ತು, ಇಲ್ಲಿ ನಂಗೆ ಹೊತ್ತೇ ಹೋಗಲ್ಲ" ಎಂದರೆ ಅದು ವಯಸ್ಕ ಹೆಂಗಸೊಬ್ಬಳ ಅಹವಾಲು. ಅದಕ್ಕೆ ವಯಸ್ಕರಿಗೆ ಕೊಡುವಂಥ ಉತ್ತರ ಕೊಡಬೇಕು. ರಾತ್ರಿ ಜೊತೆಗಾರು, ಗ್ಯಾಸಿನ ಗತಿಯೇನು, ಅಕ್ಕ ಬಂದು ಎರಡು ತಿಂಗಳು ಇರಬಲ್ಲಳೇ ಎಂದು ಆಕೆಯೊಡನೆಯೇ ಚರ್ಚಿಸಬೇಕು. ಕೊನೆಗೆ ಆಗುವುದಿಲ್ಲ ಎನ್ನಬೇಕಾಗಬಹುದು. ಆಗ ಆಕೆ ಸಿಟ್ಟಾಗುತ್ತಾಳೆ. ಆ ಸಿಟ್ಟು ರೋಗವಲ್ಲ, ಆಕೆಯ ಹಕ್ಕು.

ಇದನ್ನೆಲ್ಲ ಬರೆಯುವುದು ಸುಲಭ. ದಿನಕ್ಕೆ ಇಪ್ಪತ್ತು ಸಲ ಇದೇ ಮಾತು ಕೇಳುವವರು ಬಹುಮಟ್ಟಿಗೆ ಮಗ ಅಲ್ಲ, ಸೊಸೆ. ಅಥವಾ ಹನ್ನೆರಡು ಗಂಟೆಯ ಪಾಳಿಗೆ ಬರುವ ಅಟೆಂಡರ್ ಹುಡುಗಿ, ತಾನೂ ಊರು ಬಿಟ್ಟು ಬಂದವಳು. ದೂರ ನಿಂತು ನೋಡುವ ನೋಟ ನಂಟಿನ ದಣಿವಿನಿಂದ ತಪ್ಪಿಸಿಕೊಳ್ಳುವ ಆಸರೆಯೂ ಆಗುತ್ತದೆ ಎಂದು ಸ್ಟ್ರಾಸನ್ನೇ ಒಪ್ಪಿದ್ದ. ಆ ಆಸರೆಯನ್ನು ಅವರಿಂದ ಕಿತ್ತುಕೊಳ್ಳುವ ಅಧಿಕಾರ, ಸಂಜೆ ಏಳಕ್ಕೆ ಬಂದು ಉಪದೇಶ ಮಾಡುವವನಿಗಿಲ್ಲ.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ. ನಾಳೆ ನೆನಪಿರದ ಉತ್ತರವನ್ನು ಇವತ್ತು ಇಷ್ಟು ಕಾಳಜಿಯಿಂದ ಕೊಟ್ಟು ಏನು ಫಲ? ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಲ್ಝೈಮರ್ ಇರುವವರಿಗೆ ದುಃಖದ, ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ನೋಡಿದ್ದೇನೆಂಬುದು ಅವರಿಗೆ ಹೆಚ್ಚುಕಮ್ಮಿ ಮರೆತೇ ಹೋಗಿತ್ತು. ದುಃಖ ಮಾತ್ರ, ಸಂತೋಷ ಮಾತ್ರ, ಕಾರಣ ಮರೆತ ಮೇಲೂ ಉಳಿದಿತ್ತು.

ಇದರಿಂದಲೇ ಅತಿ ಕಷ್ಟದ ಸಂದರ್ಭವೂ ಹುಟ್ಟುತ್ತದೆ. ಅಮ್ಮ ಹೋಗಬೇಕೆನ್ನುವ ಮನೆ ಮಾರಿಯಾಗಿದೆ. ನೋಯ್ಡಾದ ಫ್ಲಾಟಿನ ಮುಂಗಡಕ್ಕೆ ಆ ದುಡ್ಡೇ ಹೋಗಿದೆ, ಪತ್ರಕ್ಕೆ ಆಕೆಯೇ ಸಹಿ ಹಾಕಿದ್ದಾಳೆ, ಈಗ ನೆನಪಿಲ್ಲ. ಪ್ರತಿ ಸಂಜೆ ಸತ್ಯ ಹೇಳಿದರೆ ಪ್ರತಿ ಸಂಜೆ ಆಕೆ ಅದನ್ನು ಮೊದಲ ಸಲ ಕೇಳುತ್ತಾಳೆ. ಸುದ್ದಿ ಮರೆಯುತ್ತದೆ, ಸಂಕಟ ಉಳಿಯುತ್ತದೆ. "ನಾಳೆ ಹೋಗೋಣ" ಎಂದರೆ ಸುಳ್ಳು, ಅದೂ ಆಕೆಯನ್ನು ಮಗುವಾಗಿಸುವ ಸುಳ್ಳು. ಒಮ್ಮೆ ಸತ್ಯ ಹೇಳಿದ ಮೇಲೆ ದಿನವೂ ಹೇಳುವ ಸಾಲ ನಮ್ಮ ಮೇಲಿಲ್ಲ ಎಂದು ನಾನು ತಿಳಿಯುತ್ತೇನೆ, ಆದರೆ ನೇರವಾಗಿ "ಮನೆ ಇದೆಯೇನೋ, ಮಾರಿದ್ರೇನೋ?" ಎಂದು ಆಕೆ ಕೇಳಿದ ದಿನ ಸುಳ್ಳಾಡುವಂತಿಲ್ಲ. ಉಳಿದ ಸಂಜೆಗಳಲ್ಲಿ ಬಲ್ಲಭಗಢದವರು ಒಂದು ಅಂಕಕ್ಕಾಗಿ ಕೇಳುತ್ತಿದ್ದುದನ್ನೇ ಕೇಳಬಹುದು. ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ. ಬಚ್ಚಲ ಒಲೆ ಯಾವ ಮೂಲೆಯಲ್ಲಿತ್ತು, ಹಿತ್ತಲಲ್ಲಿ ಏನೇನು ಗಿಡ ಇತ್ತು, ಮಳೆಗಾಲದಲ್ಲಿ ಎಲ್ಲಿ ಸೋರುತ್ತಿತ್ತು. ಆಕೆ ಹೇಳುತ್ತಾಳೆ. ಸೋರುತ್ತಿದ್ದ ಜಾಗದ ಬಗ್ಗೆ ನಿಮ್ಮ ನೆನಪು ಬೇರೆ ಇದ್ದರೆ, ಆಕೆಯೊಡನೆ ಜಗಳವಾಡಿ.